ಸುಟ್ಟ ಊರಿನ ಕತೆ ಬರೆಯುವಾಗ

(ತಾಜಸುಲ್ತಾನಪುರದ ಸಭೆಯಲ್ಲಿ ಆಡಿದ ಮಾತು)



ನಮ್ಮ ಹುಡುಗನೊಬ್ಬ ವಿಜಯನಗರ ಸುಟ್ಟದ್ದರ ಮೇಲೆ ಕಾದಂಬರಿ ಬರೀಬೇಕಂತಾನ. "ರಾಜರ ಊರು ಸುಟ್ಟರ ನಮಗೇನು?" ಅಂತ ಗೆಳೆಯರು ನಕ್ಕರಂತ. ನಾವು ನಗೋದಿಲ್ಲ. ಬರಿ ತಮ್ಮಾ ಅಂತೀವಿ. ಆದರ ಬೆಂಕೀನ ಯಾವ ಮನಿ ಬಾಗಿಲದಾಗ ನಿಂತು ನೋಡ್ತಿ ಅನ್ನೋದನ್ನ ಮೊದಲು ಗಟ್ಟಿ ಮಾಡಿಕೊ.

1565ರ ಜನವರಿಯಲ್ಲಿ ಬಿಜಾಪುರ, ಅಹ್ಮದನಗರ, ಗೋಲ್ಕೊಂಡ, ಬೀದರ ಸುಲ್ತಾನರ ದಂಡು ರಾಮರಾಯನನ್ನು ಸೋಲಿಸಿ ಕೊಂದಿತು. ಮುಂದಿನದನ್ನು ರಾಬರ್ಟ್ ಸೆವೆಲ್ 1900ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ರಾಜಮನೆತನದವರು 550 ಆನೆಗಳ ಮೇಲೆ ಬೊಕ್ಕಸ ಹೇರಿಕೊಂಡು ಪೆನುಗೊಂಡೆಯ ದಾರಿ ಹಿಡಿದರು. ಊರಿಗೆ ಕಾವಲು ಉಳಿಯಲಿಲ್ಲ. ಮರುದಿನವೇ ಲಂಬಾಣಿ, ಕುರುಬ ಮೊದಲಾದವರು ಲೂಟಿಗೆ ಬಿದ್ದರು ಅಂತ ಅದೇ ಪುಸ್ತಕ ಹೇಳುತ್ತದೆ. ಆಮೇಲೆ ಸುಲ್ತಾನರ ದಂಡು ಬಂತು. ಐದು ತಿಂಗಳು ಒಡೆಯಿತು, ಸುಟ್ಟಿತು.

ಈ ತಕ್ಕಡಿ ನೋಡ್ರಿ! ಆನಿ ಮ್ಯಾಲ ಹೋದರ ಬೊಕ್ಕಸ, ತಲಿ ಮ್ಯಾಲ ಹೋದರ ಲೂಟಿ. ಆನಿ ಎಣಿಸಿದ್ರು, ಬಿಟ್ಟುಹೋದ ಮಂದೀನ ಯಾರು ಎಣಿಸಿದ್ರು? ಕಾದಂಬರಿ ಇಲ್ಲಿಂದ ಶುರುವಾಗಬೇಕು.

ಊರು ಸುಡುವ ಸುಮಾರು 50 ವರ್ಷ ಮೊದಲು ಬಾರ್ಬೋಸಾ ಎಂಬ ಪೋರ್ಚುಗೀಸ ಬರೆದ: ಜನರ ಮನೆಗಳಿಗೆ ಹುಲ್ಲಿನ ಹೊದಿಕೆ, ಕಸುಬಿಗೊಂದರಂತೆ ಓಣಿ. ಇವತ್ತು ಹಂಪಿಗೆ ಹೋದರೆ ಕಲ್ಲಿನ ಗುಡಿ ಕಾಣುತ್ತದೆ, ಮಹಾನವಮಿ ದಿಬ್ಬ ಕಾಣುತ್ತದೆ. ಆ ಹುಲ್ಲಿನ ಓಣಿ ಎಲ್ಲಿ? ಕಲ್ಲಿಗೆ ಹಾಳು ಹಂಪಿ ಅಂತ ಹೆಸರಾದರೂ ಸಿಕ್ಕಿತು, ಹುಲ್ಲಿಗೆ ಅದೂ ಸಿಗಲಿಲ್ಲ.

ಹಂಗಂತ ಮನಸ್ಸಿಗೆ ಬಂದದ್ದು ಬರೀಬ್ಯಾಡ. 1567ರಲ್ಲಿ ಅಲ್ಲಿಗೆ ಬಂದ ಇಟಲಿಯ ವ್ಯಾಪಾರಿ ಸೀಸರ್ ಫ್ರೆಡರಿಕ್, ಮನೆಗಳು ಇನ್ನೂ ನಿಂತಿವೆ, ಜನರಿಲ್ಲ, ಕಾಡುಮೃಗಗಳಿವೆ ಅಂತ ಬರೆದ. ಅಂದರ ಎಲ್ಲಾನೂ ಸುಡಲಿಲ್ಲ. ಹಿಂದೂ-ಮುಸ್ಲಿಂ ಜಗಳ ಅಂತ ಒಂದೇ ಮಾತಿನಲ್ಲಿ ಮುಗಿಸಲೂ ಬೇಡ. ವಿಜಯನಗರದ ದಂಡಿನಲ್ಲೂ ಮುಸ್ಲಿಂ ಸೈನಿಕರಿದ್ದರು. ಗೊತ್ತಿದ್ದದ್ದನ್ನ ಮುರೀಬ್ಯಾಡ, ಬರೀದೆ ಬಿಟ್ಟದ್ದನ್ನ ಕಟ್ಟು.

ಹೆಂಗ ಕಟ್ಟೋದು? ನಮ್ಮ ಓಣಿಯ ಹಿರಿಯರನ್ನು ಕೇಳು. ತೊಗರಿ ಕಟಗಿ ಗೋಡಿಗೆ ಕಿಡಿ ಬಿದ್ದರ ಎಷ್ಟು ಹೊತ್ತಿನಾಗ ಬೂದಿ? ಅವ್ವ ಮೊದಲು ಎತ್ತಿಕೊಂಡದ್ದು ಕೂಸೋ, ಜೋಳದ ಚೀಲವೋ? ಬೆಂಕಿ ಆರಿಸಲಿಕ್ಕೆ ಯಾರ ಬಾವಿ ಮುಟ್ಟಗೊಟ್ಟರು, ಯಾರ ಬಾವಿ ಮುಟ್ಟಗೊಡಲಿಲ್ಲ?

ಇದು ಹಳೇ ಊರಿನ ಮಾತಷ್ಟೇ ಅಲ್ಲ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ನಮ್ಮ 7 ಮಂದಿಯನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೂದಿ ಐತಿ, ಕಾಗದದಾಗ ಬೆಂಕಿ ಹಚ್ಚಿದವರಿಲ್ಲ. ನಾಳೆ ಬರೆಯುವವ ಬರೀ ಕಾಗದ ನಂಬಿದರೆ ಏನು ಬರೆದಾನು?

ಅದಕ್ಕ ತಮ್ಮಾ, ವಿಜಯನಗರ ಬರಿ. ಹುಲ್ಲಿನ ಓಣಿಯಿಂದ ಬರಿ. ಮೊದಲ ಅಧ್ಯಾಯ ಮುಂದಿನ ಸಭೆಗೆ ತಗೊಂಡು ಬಾ, ಎಲ್ಲರೂ ಕುಂತು ಕೇಳ್ತೀವಿ.