ಬೂದಿಯೊಳಗಿನ ಕೆಂಡ

ಬೂದಿ ಮುಚ್ಚಿದ ಕೆಂಡವೆಂಬ ಮಾತನ್ನು ನಾವು ಒಳಗೊಳಗೇ ಕುದಿಯುವ ರೋಷಕ್ಕೆ ಅನ್ವಯಿಸಿ ಆಡುವುದು ರೂಢಿ. ಆದರೆ ಕೌಜಲಗಿಯ ನಮ್ಮ ಮನೆಯಲ್ಲಿ, ರಾತ್ರಿಯ ರೊಟ್ಟಿ ಬಡಿದಾದ ಮೇಲೆ ಅಜ್ಜಿಯು ಒಲೆಯ ಕೆಂಡಗಳನ್ನು ಒಟ್ಟುಗೂಡಿಸಿ, ಮೇಲೆ ಬೂದಿ ಹೊದಿಸಿ, ನಸುಕಿನಲ್ಲಿ ಊದುಗೊಳವೆಯಿಂದ ಒಂದೆರಡು ಸಲ ಊದಿ ಉರಿಯೆಬ್ಬಿಸುತ್ತಿದ್ದುದನ್ನು ಕಂಡ ನನಗೆ ಅದು ಮಿತವ್ಯಯದ, ದೂರದೃಷ್ಟಿಯ ಮಾತಾಗಿಯೇ ಕೇಳಿಸುತ್ತದೆ. ಗಣಕಯಂತ್ರದ ನಿದ್ರಾವಸ್ಥೆಯನ್ನು, ಸ್ಲೀಪ್ ಎಂದು ಕರೆಯುವ ಸ್ಥಿತಿಯನ್ನು, ನಾನು ಅರಿತುಕೊಂಡದ್ದು ಈ ಕೆಂಡದಿಂದಲೇ. ಪರದೆ ಆರುತ್ತದೆ, ಫ್ಯಾನು ನಿಲ್ಲುತ್ತದೆ, ಡಿಸ್ಕು ವಿರಮಿಸುತ್ತದೆ. ತೆರೆದಿಟ್ಟ ಕೆಲಸವನ್ನೆಲ್ಲ ಹಿಡಿದಿಟ್ಟಿರುವ ರ್‍ಯಾಮ್ ಎಂಬ ಸ್ಮೃತಿಕೋಶಕ್ಕೆ ಮಾತ್ರ ಕಿಂಚಿತ್ ವಿದ್ಯುತ್ತು ಹರಿಯುತ್ತಿರುತ್ತದೆ. ಆ ಸ್ಮೃತಿಯ ಸ್ವಭಾವವೇ ಸೋರುವಂಥದು. ಸೆಕೆಂಡಿಗೆ ಹಲವು ಬಾರಿ ಮರುಪೂರಣ ಮಾಡದಿದ್ದರೆ ಅದರಲ್ಲಿ ಬರೆದುದೆಲ್ಲ ಅಳಿದುಹೋಗುವುದು. ಹೀಗೆ ಕಾಯ್ದಿಟ್ಟುದರಿಂದಲೇ ಎಚ್ಚರಿಸಿದ ಕೆಲವು ಕ್ಷಣಗಳಲ್ಲಿ, ನಾವು ನಿಲ್ಲಿಸಿದ ವಾಕ್ಯದ ತುದಿಯಲ್ಲಿಯೇ ಯಂತ್ರವು ನಮ್ಮನ್ನು ಎದುರುಗೊಳ್ಳುತ್ತದೆ.

60 ವ್ಯಾಟ್ ಹೀರುವ ಮೇಜಿನ ಕಂಪ್ಯೂಟರೊಂದು ಸಂಜೆ ಐದರಿಂದ ಮರುದಿನ ಬೆಳಗಿನ ಒಂಬತ್ತರವರೆಗೆ, 16 ತಾಸು, ಕೆಲಸವಿಲ್ಲದೆ ಎಚ್ಚತ್ತಿದ್ದರೆ ಹೆಚ್ಚುಕಡಿಮೆ ಒಂದು ಯೂನಿಟ್ ವ್ಯಯವಾಗುತ್ತದೆ. ನಿದ್ರಿಸಿದರೆ, 2 ವ್ಯಾಟಿನಂತೆ ಹಿಡಿದರೂ, ಅದರ ಮೂವತ್ತರಲ್ಲೊಂದು ಪಾಲು. ಒಂದು ಯೂನಿಟ್ಟೆಂದರೆ ಏನು ಮಹಾ ಎನ್ನುವವರು ಒಮ್ಮೆ ಗೋಕಾಕ ಜಲಪಾತದ ಮುಂದೆ ನಿಲ್ಲಬೇಕು. 1887ರಷ್ಟು ಹಿಂದೆಯೇ ವಿದ್ಯುತ್ತು ಹುಟ್ಟಿದ ತಾಣವೆಂದು ನಮ್ಮ ಜಿಲ್ಲೆ ಹೆಮ್ಮೆಪಡುವ ಆ ಸ್ಥಳದಲ್ಲಿ ಘಟಪ್ರಭೆಯು ಧುಮ್ಮಿಕ್ಕುವ ಆಳ ಸುಮಾರು 52 ಮೀಟರು. ನಮ್ಮ ಮನೆಯ ತಂತಿಗೆ ಬರುವ ವಿದ್ಯುತ್ತು ಅಲ್ಲಿಯದೇ ಆಗಬೇಕೆಂದಿಲ್ಲ, ಅಳತೆಗೆ ಮಾತ್ರ ಅದನ್ನು ಹಿಡಿಯುತ್ತೇನೆ: ಎಳ್ಳಷ್ಟೂ ನಷ್ಟವಾಗದೆಂದು ಭಾವಿಸಿದರೂ, ಒಂದು ಯೂನಿಟ್ಟಿಗೆ ಅಷ್ಟೆತ್ತರದಿಂದ ಸರಿಸುಮಾರು 7000 ಲೀಟರು ನೀರು ಬೀಳಬೇಕು. ಬೀಗ ಹಾಕಿದ ಕೊಠಡಿಯಲ್ಲಿ, ಯಾರೂ ನೋಡದ ಪರದೆಗಾಗಿ, ಅಷ್ಟೂ ನೀರು! ಈ ಲೆಕ್ಕ ಹಾಕಿದ ದಿನ ನನ್ನ ಮನಸ್ಸು ನಿಜವಾಗಿ ಕಳವಳಗೊಂಡಿತು.

ನಮ್ಮ ಸೀಮೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುವುದುಂಟು. ಬ್ಯಾಟರಿಯಿಲ್ಲದ ಯಂತ್ರವು ಆಗ ನಿದ್ರೆಯಲ್ಲಿದ್ದರೆ, ಉಳಿಸದ ಬರಹವೆಲ್ಲ ನೀರು ಬಿದ್ದ ಕೆಂಡದಂತೆ ಆರಿಹೋಗುವುದು. ಅದಕ್ಕಾಗಿ ಹೈಬರ್ನೇಟ್ ಎಂಬ ಗಾಢನಿದ್ರೆಯುಂಟು: ಸ್ಮೃತಿಯನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರವು ಪೂರ್ತಿಯಾಗಿ ಆರುತ್ತದೆ. ಏಳಲು ತುಸು ತಡ. ಆದರೂ ಕಡತಗಳನ್ನು ಒಂದೊಂದಾಗಿ ಹುಡುಕಿ ತೆರೆಯುವ ಕಾಲಹರಣವಿಲ್ಲ. ಊಟಕ್ಕೆ ಏಳುವಾಗ ಹಗುರ ನಿದ್ರೆಯನ್ನೂ ರಾತ್ರಿಗೆ ಗಾಢನಿದ್ರೆಯನ್ನೂ ಕೊಡುವುದು ನನ್ನ ಅಭ್ಯಾಸ.

ಈ ಮಾತುಗಳನ್ನು ಬರೆಯತೊಡಗಿದ ಇರುಳು ಅರ್ಧಕ್ಕೆ ನಿಲ್ಲಿಸಿ ಮಲಗಿದೆನು. ನಡುರಾತ್ರಿ ಎರಡು ಸಲ ಕರೆಂಟು ಹೋಗಿ ಬಂದಿತು. ನಸುಕಿನಲ್ಲೆದ್ದು ಗುಂಡಿಯೊತ್ತಿ ಕಾದು ಕುಳಿತಾಗ, ಅಜ್ಜಿಯ ಊದುಗೊಳವೆಯ ವಾಕ್ಯದ ಕೊನೆಯಲ್ಲಿಯೇ ಕರ್ಸರು ಮಿನುಗುತ್ತಿತ್ತು.