ಕಿಡ್ನಿ ಹೋದರೆ ಹೊಲವೂ ಹೋಯಿತು



ಬೆಲೆ, ಸಾಲ ಅಂತ ಪ್ರತಿ ಸಾರಿ ಮಾತಾಡುತ್ತೇವೆ. ಇವತ್ತು ಸಾಲ ಒಳಗೆ ಬರುವ ಇನ್ನೊಂದು ಬಾಗಿಲು ತೋರಿಸಬೇಕಾಗಿದೆ. ಟೊಮೊಟೊ ಬೆಲೆ ಬಿದ್ದು ಮುಳುಗಿದವನು ಮುಂದಿನ ಬೆಳೆಗಾದರೂ ಏಳಬಹುದು. ಕಿಡ್ನಿ ಹೋದ ಮನೆ ಏಳುವುದು ಬಹಳ ಕಷ್ಟ.

ಬೆನ್ನಿನ ಎರಡೂ ಕಡೆ, ಪಕ್ಕೆಲುಬಿನ ಹತ್ತಿರ, ಮುಷ್ಟಿ ಗಾತ್ರದ ಎರಡು ಪಿಂಡಗಳಿವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳು. ಇವು ದಿನಕ್ಕೆ ರಕ್ತದಿಂದ ಸೋಸುವ ನೀರು ಸುಮಾರು 180 ಲೀಟರು. ಡೇರಿಯ 40 ಲೀಟರ್ ಕ್ಯಾನು ನೋಡಿದ್ದೀರಲ್ಲ, ಅಂಥ ನಾಲ್ಕೂವರೆ ಕ್ಯಾನು! ಅಷ್ಟೂ ಹೊರಗೆ ಹೋದರೆ ಮನುಷ್ಯ ಉಳಿದಾನೆಯೇ? ಜರಡಿಗೆ ಸೇರಿದ ಸಣ್ಣ ಕೊಳವೆಗಳು ಬೇಕಾದ ನೀರು, ಉಪ್ಪು, ಸಕ್ಕರೆಯನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಕಸ ಹೊತ್ತು ಮೂತ್ರವಾಗಿ ಹೋಗುವುದು ಒಂದೂವರೆ ಲೀಟರಿನಷ್ಟು ಮಾತ್ರ. ನಮ್ಮ ಕೆರೆಯ ನೀರುಗಂಟಿ ಕೂಡ ಇಷ್ಟು ಲೆಕ್ಕವಾಗಿ ತೂಬು ಎತ್ತಿದವನಲ್ಲ.

ಕೇಡೇನೆಂದರೆ, ಕೆಲವು ಜರಡಿ ಕೆಟ್ಟರೆ ಉಳಿದವು ಹೆಚ್ಚು ದುಡಿದು ಮುಚ್ಚಿಹಾಕುತ್ತವೆ. ನೋವಿಲ್ಲ, ಜ್ವರವಿಲ್ಲ. ಕಾಲು ಮುಖ ಊದಿ, ಊಟ ಸೇರದೆ, ಉಸಿರು ಕಟ್ಟುವ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಸತ್ತ ಜರಡಿ ಮತ್ತೆ ಹುಟ್ಟುವುದಿಲ್ಲ.

ಕೆಡಿಸುವುದು ಯಾವುದು? ಸಕ್ಕರೆ ಕಾಯಿಲೆ, ಬಿ.ಪಿ. ಇವೆರಡೇ ಮೊದಲು. ಇನ್ನೊಂದು ನೋವಿನ ಮಾತ್ರೆ. ಬಿಸಿಲಲ್ಲಿ ಸರಿಯಾಗಿ ನೀರು ಕುಡಿಯದೆ ಟೊಮೊಟೊ ಬಾಕ್ಸು ಹೊರುವುದು, ರಾತ್ರಿ ಸೊಂಟನೋವಿಗೆ ಅಂಗಡಿ ಮಾತ್ರೆ ನುಂಗುವುದು. ನಾನೂ ವರ್ಷಗಟ್ಟಲೆ ನುಂಗಿದವನೇ, ಬುದ್ಧಿ ತಡವಾಗಿ ಬಂತು.

ಇನ್ನು ನೀರು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆ ಹೋದರೂ ಆಳದ ಬೋರ್‌ವೆಲ್ಲು, ಹಲವು ಊರುಗಳ ನೀರಲ್ಲಿ ಫ್ಲೋರೈಡು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅದು ಹಲ್ಲು ಮೂಳೆ ಕೆಡಿಸುವುದು ನಿಮಗೆ ಗೊತ್ತೇ ಇದೆ. ಆದರೆ ಆ ಫ್ಲೋರೈಡನ್ನು ಮೈಯಿಂದ ಆಚೆ ಹಾಕುವುದೂ ಇದೇ ಕಿಡ್ನಿ. ಕಿಡ್ನಿ ಸೋತವನ ಮೈಯಲ್ಲಿ ಅದು ಇನ್ನಷ್ಟು ನಿಲ್ಲುತ್ತದೆ. ನೀರು ಕಾಯಿಸಿದರೂ ಅದು ಹೋಗುವುದಿಲ್ಲ.

ಪೂರ್ತಿ ಸೋತ ಮೇಲೆ ಡಯಾಲಿಸಿಸ್. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಪುಕ್ಕಟೆ. ಸರಿ, ಬಸ್ ಚಾರ್ಜು? ಜೊತೆಗೆ ಬರುವವನ ಕೂಲಿ? ಔಷಧಿ? ಮೊದಲು ಹಸು ಹೋಗುತ್ತದೆ, ಆಮೇಲೆ ಜಮೀನು. ನಮ್ಮ ನೆಂಟರೊಬ್ಬರು ಎರಡು ಎಕರೆ ಮಾವಿನ ತೋಪು ಹೀಗೇ ಕಳೆದುಕೊಂಡರು.

ಸಕ್ಕರೆ, ಬಿ.ಪಿ. ಇರುವವರು ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಮಾಡಿಸಿ. ಮಾವಿನ ಸುಗ್ಗಿಗೆ ಮುಂಚೆಯೇ ಹೋಗಿ ಬನ್ನಿ. ಸುಗ್ಗಿ ಶುರುವಾದರೆ ನೀವು ಹೋಗುವುದಿಲ್ಲ, ನನಗೆ ಗೊತ್ತು.