ಯಂತ್ರ ಯಾರ ಕೈಯಲ್ಲಿದೆ?

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಚರ್ಚಾಸ್ಪರ್ಧೆಯ ನಂತರ ಮಾಡಿದ ಭಾಷಣ)



ಈಗ ತಾನೇ ನಮ್ಮ ಮಕ್ಕಳು "ತಂತ್ರಜ್ಞಾನ ವರವೋ ಶಾಪವೋ" ಎಂಬ ವಿಷಯದ ಮೇಲೆ ಚೆನ್ನಾಗಿ ಮಾತನಾಡಿದರು. ನಾನು ಹೈಸ್ಕೂಲಿನಲ್ಲಿದ್ದಾಗಲೂ ಇದೇ ವಿಷಯ ಕೊಡುತ್ತಿದ್ದರು. ಆಗ ಟಿ.ವಿ.ಯನ್ನು ಬೈಯುತ್ತಿದ್ದೆವು, ಈಗ ಮೊಬೈಲನ್ನು ಬೈಯುತ್ತೇವೆ. ಒಂದು ಗುಟ್ಟು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪರವಾಗಿ ಮಾತನಾಡಿದ ಒಬ್ಬ ಹುಡುಗನ ಭಾಷಣವನ್ನೂ ವಿರೋಧವಾಗಿ ಮಾತನಾಡಿದ ಇನ್ನೊಬ್ಬನ ಭಾಷಣವನ್ನೂ ಒಂದೇ ಮೊಬೈಲು ಬರೆದುಕೊಟ್ಟಿದೆ! ಕೇಳಿದಾಗ ಇಬ್ಬರೂ ನಗುತ್ತಾ ಒಪ್ಪಿಕೊಂಡರು.

ಮಕ್ಕಳೇ, ಈ ವಾದವನ್ನು ದೊಡ್ಡ ದೊಡ್ಡ ಲೇಖಕರೂ ಮಾಡಿದ್ದಾರೆ. 1923ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಒಂದು ಉಪನ್ಯಾಸ ಕೊಟ್ಟರು. ಅದೇ 'ಡೀಡಲಸ್' ಎಂಬ ಪುಸ್ತಕವಾಯಿತು. ಡೀಡಲಸ್ ಗ್ರೀಕರ ಕಥೆಯ ಕುಶಲಕರ್ಮಿ, ಮೇಣದಿಂದ ಅಂಟಿಸಿದ ರೆಕ್ಕೆ ಕಟ್ಟಿಕೊಂಡು ಹಾರಿದವನು. ಕಲ್ಲಿದ್ದಲು ಮುಗಿದ ಮೇಲೆ ಸಾಲು ಸಾಲು ಗಾಳಿಯಂತ್ರಗಳು ವಿದ್ಯುತ್ತು ಕೊಡುತ್ತವೆ ಎಂದು ಹಾಲ್ಡೇನ್ ಆಗಲೇ ಹೇಳಿದ್ದರು. ಮರುವರ್ಷವೇ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಉತ್ತರ ಕೊಟ್ಟರು. ಅವರ ಪುಸ್ತಕದ ಹೆಸರು 'ಇಕರಸ್'. ಇಕರಸ್ ಆ ಡೀಡಲಸ್‌ನ ಮಗ. ಅಪ್ಪ ಕಲಿಸಿದ ವಿದ್ಯೆಯಿಂದ ಹಾರಿ, ಸೂರ್ಯನ ಹತ್ತಿರ ಹೋಗಿ, ಮೇಣ ಕರಗಿ ಸಮುದ್ರಕ್ಕೆ ಬಿದ್ದು ಸತ್ತವನು. ಅಧಿಕಾರದಲ್ಲಿರುವವರ ಬಲವನ್ನು ಹೆಚ್ಚಿಸಲು ವಿಜ್ಞಾನ ಬಳಕೆಯಾಗುತ್ತದೆ, ಜನರ ಸುಖಕ್ಕಲ್ಲ ಎಂಬುದು ರಸೆಲ್ಲರ ಭಯ. ಇಲ್ಲಿ ಒಂದು ಸೋಜಿಗವಿದೆ. ಆಸೆಯಿಟ್ಟ ಹಾಲ್ಡೇನ್ ಮೊದಲ ಮಹಾಯುದ್ಧದಲ್ಲಿ ಕಂದಕದೊಳಗೆ ನಿಂತು ಹೋರಾಡಿದ್ದ ಸೈನಿಕ. ಭಯಪಟ್ಟ ರಸೆಲ್ ಅದೇ ಯುದ್ಧವನ್ನು ವಿರೋಧಿಸಿ 1918ರಲ್ಲಿ ಜೈಲು ಕಂಡವರು. ಹಾಲ್ಡೇನ್ 1957ರಲ್ಲಿ ನಮ್ಮ ದೇಶಕ್ಕೇ ಬಂದು ನೆಲೆಸಿದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಉರ್ದು ಓದಿದವರಿಗೆ ಇಲ್ಲಿ ಅಕ್ಬರ್ ಇಲಾಹಾಬಾದಿ ನೆನಪಾಗದೆ ಇರುವುದಿಲ್ಲ. ನಲ್ಲಿಯ ನೀರನ್ನೂ ಟೈಪಿನ ಅಕ್ಷರವನ್ನೂ ಬಿಡದೆ ಗೇಲಿ ಮಾಡಿದ ಕವಿ ಅವರು. ಆ ಗೇಲಿ ನಮ್ಮವರೆಗೆ ಬಂದದ್ದು ಅಚ್ಚಿನ ಪುಸ್ತಕದಲ್ಲೇ ಎನ್ನುವುದು ಬೇರೆ ಮಾತು. ಜಗಳ ಇನ್ನೂ ಮುಗಿದಿಲ್ಲ. 2023ರಲ್ಲಿ ಅಮೆರಿಕದ ಸಿನಿಮಾ, ಟಿ.ವಿ. ಲೇಖಕರು 148 ದಿನ ಮುಷ್ಕರ ಹೂಡಿದರು. ಕೃತಕ ಬುದ್ಧಿಮತ್ತೆಗೆ ಮಿತಿ ಹಾಕಬೇಕೆಂಬುದು ಅವರ ಬೇಡಿಕೆಗಳಲ್ಲಿ ಒಂದಾಗಿತ್ತು.

ಆದರೆ ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಬೇಗಂ ರುಕಯ್ಯಾ ಸಖಾವತ್ ಹುಸೇನ್ ಅವರ ಬಗ್ಗೆ. ಹಾಲ್ಡೇನ್‌ರ ಉಪನ್ಯಾಸಕ್ಕಿಂತ 18 ವರ್ಷ ಮೊದಲೇ, 1905ರಲ್ಲಿ, ಬಂಗಾಳದ ಈ ಹೆಣ್ಣುಮಗಳು ಇಂಗ್ಲಿಷಿನಲ್ಲಿ 'ಸುಲ್ತಾನಾಸ್ ಡ್ರೀಮ್' ಎಂಬ ಕಥೆ ಬರೆದರು. ಅದು ಮದರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲೆಗೆ ಹೋಗದೆ, ಅಣ್ಣನಿಂದ ರಾತ್ರಿ ಹೊತ್ತು ಇಂಗ್ಲಿಷ್ ಕಲಿತವರು ಅವರು. ಕಥೆಯಲ್ಲಿ ಹೆಂಗಸರೇ ಆಳುವ ಒಂದು ನಾಡಿದೆ. ಅಲ್ಲಿ ಒಂದು ವಿಶ್ವವಿದ್ಯಾಲಯದವರು ಮೋಡದಿಂದ ನೀರು ಇಳಿಸುತ್ತಾರೆ, ಇನ್ನೊಂದರವರು ಸೂರ್ಯನ ಶಾಖ ಕೂಡಿಡುತ್ತಾರೆ. ಆ ಶಾಖದಿಂದಲೇ ಅಡುಗೆ, ಹೊಗೆ ಇಲ್ಲ. ಶತ್ರುಗಳು ನುಗ್ಗಿ ಗಂಡಸರ ಸೈನ್ಯ ಸೋತಾಗ, ಪ್ರಾಂಶುಪಾಲೆಯೊಬ್ಬರು 2,000 ವಿದ್ಯಾರ್ಥಿನಿಯರ ಜೊತೆ ಹೋಗಿ ಅದೇ ಶಾಖವನ್ನು ಶತ್ರುಗಳ ಮೇಲೆ ತಿರುಗಿಸುತ್ತಾರೆ. ಗಮನಿಸಿ, ಅನ್ನ ಬೇಯಿಸಿದ್ದೂ ಅದೇ, ಸೈನ್ಯವನ್ನು ಓಡಿಸಿದ್ದೂ ಅದೇ. ವರವೋ ಶಾಪವೋ ಎಂದು ರುಕಯ್ಯಾ ಕೇಳಲೇ ಇಲ್ಲ. ಆ ಯಂತ್ರದ ಮುಂದೆ ಯಾರು ನಿಂತಿದ್ದಾರೆ, ಅವರು ಏನು ಓದಿದ್ದಾರೆ ಎಂದು ಕೇಳಿದರು.

ಗಂಡ ತೀರಿಕೊಂಡ ಮೇಲೆ ಅವರು ಹೆಣ್ಣುಮಕ್ಕಳ ಶಾಲೆ ತೆರೆದರು. 1911ರಲ್ಲಿ ಅದನ್ನು ಕಲ್ಕತ್ತಕ್ಕೆ ತಂದಾಗ ಇದ್ದದ್ದು 8 ಮಕ್ಕಳು. ಮುಂದೆ ಶಾಲೆಗೆ ಒಂದು ಮೋಟಾರ್ ಬಸ್ಸು ಬಂತು. ಆ ಬಸ್ಸಿನ ಕಥೆಯನ್ನು ರುಕಯ್ಯಾ ತಾವೇ ಬರೆದಿದ್ದಾರೆ, ನನಗೆ ಅದು ಅವರ ಕಥೆಗಿಂತ ಹೆಚ್ಚು ಕಾಡುತ್ತದೆ. ಪರದೆಗಾಗಿ ಬಸ್ಸನ್ನು ಎಲ್ಲ ಕಡೆಯಿಂದ ಎಷ್ಟು ಬಿಗಿಯಾಗಿ ಮುಚ್ಚಿದ್ದರೆಂದರೆ ಒಳಗೆ ಗಾಳಿ ಬೆಳಕು ಇರಲಿಲ್ಲ. ಮಕ್ಕಳು ವಾಂತಿ ಮಾಡಿಕೊಂಡರು, ಕೆಲವರು ಮೂರ್ಛೆ ಹೋದರು. ಬಾಗಿಲು ಕಿಟಕಿ ತೆಗೆಸಿ ಬಟ್ಟೆಯ ಪರದೆ ಹಾಕಿಸಿದರೆ, ಗಾಳಿಗೆ ಪರದೆ ಹಾರುತ್ತದೆ ಎಂದು ಬೆದರಿಕೆಯ ಪತ್ರಗಳು ಬಂದವು. ಶಾಲೆಗೆ ಕರೆದೊಯ್ಯುವ ಯಂತ್ರ ಬಂದಿತ್ತು. ಅದರೊಳಗೆ ಮಗು ಉಸಿರಾಡಬಹುದೇ ಎಂಬುದನ್ನು ನಿರ್ಧರಿಸುವವರು ಮಾತ್ರ ಹಳಬರೇ.

2020ರಲ್ಲಿ ಶಾಲೆಗಳು ಮುಚ್ಚಿದಾಗ ನನಗೆ ಈ ಬಸ್ಸು ದಿನವೂ ನೆನಪಾಗುತ್ತಿತ್ತು. ನಾನು ಮೊಬೈಲಿನಲ್ಲಿ ಪಾಠ ಶುರು ಮಾಡಿದೆ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕನ್ನಡ ಓದುತ್ತಿದ್ದ ಒಬ್ಬ ಹುಡುಗಿ ಒಂದು ದಿನವೂ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದೆ. ಅವಳ ಅಮ್ಮ ಹೇಳಿದರು: "ಟೀಚರ್, ಇರೋದು ಒಂದೇ ಫೋನು. ಹಗಲು ಅವರ ಅಬ್ಬಾ ತಗೊಂಡು ಹೋಗ್ತಾರೆ. ರಾತ್ರಿ ಅಣ್ಣ ಹಿಡ್ಕೊಂಡ್ರೆ ಬಿಡಲ್ಲ. ಹುಡುಗಿ ಕೈಲಿ ಫೋನ್ ಯಾಕೆ ಅಂತಾರೆ." ನಾನು ನೋಟ್ಸ್ ಬರೆದು ಕೊಟ್ಟು ಬಂದೆ. ಇನ್ನೂ ಸ್ವಲ್ಪ ಗಟ್ಟಿಯಾಗಿ ಮಾತನಾಡಬೇಕಿತ್ತು ಎಂದು ಇಂದಿಗೂ ಅನಿಸುತ್ತದೆ. ಶಾಲೆ ತೆರೆದಾಗ ಅವಳು ಮರಳಿ ಬರಲಿಲ್ಲ, ನಿಶ್ಚಿತಾರ್ಥವಾಗಿತ್ತು.

ಸ್ಪರ್ಧೆಯ ಫಲಿತಾಂಶಕ್ಕೆ ಮಕ್ಕಳು ಕಾಯುತ್ತಿದ್ದಾರೆ, ಹೆಚ್ಚು ಎಳೆಯುವುದಿಲ್ಲ. ಪದಾಧಿಕಾರಿಗಳಲ್ಲಿ ಒಂದೇ ಕೋರಿಕೆ. ಮುಂದಿನ ವರ್ಷ ವಿಷಯ ಬದಲಾಯಿಸಿ. "ಮನೆಯಲ್ಲಿ ಒಂದೇ ಮೊಬೈಲಿದ್ದರೆ ಮೊದಲು ಯಾರಿಗೆ ಕೊಡಬೇಕು?" ಎಂದು ಇಡಿ. ವಾದ ಮಾಡಲು ಮಕ್ಕಳನ್ನಲ್ಲ, ಪಾಲಕರನ್ನು ಕರೆಯಿರಿ.